ಮಣ್ಣಿಲ್ಲದೆ ಮನೆಯೊಳಗೆ ಟೊಮೆಟೊ: ಕೋಕೋಪೀಟ್, ಪರ್ಲೈಟ್, ಕ್ಲೇ ಬಾಲ್, ರಾಕ್‌ವೂಲ್

ಎಲ್‌ಇಡಿ ದೀಪದ ಕೆಳಗೋ ಗ್ರಿಲ್ ಹಾಕಿದ ಬಾಲ್ಕನಿಯಲ್ಲೋ ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಹಸಿ ಮೆಣಸಿನಕಾಯಿ ಬೆಳೆಯುವುದಾದರೆ ನನ್ನ ಆಯ್ಕೆ ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ. ಏಳು ಪಾಲು ಕೋಕೋಪೀಟಿಗೆ ಮೂರು ಪಾಲು ಪರ್ಲೈಟ್ (ಅರಳಿಸಿದ ಬಿಳಿ ಕಾಳು) ಬೆರೆಸಿ, 12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗಿಗೆ ತುಂಬಿ, ಬ್ಯಾಗಿಗೆ ಒಂದೇ ಗಿಡ. ಬರೀ ಪರ್ಲೈಟ್, ಕ್ಲೇ ಬಾಲ್, ರಾಕ್‌ವೂಲ್‌ಗಳಲ್ಲೂ ಅದೇ ದೀಪದ ಕೆಳಗೆ ಅದೇ ಗೊಬ್ಬರದ ನೀರು ಕೊಟ್ಟು ಬೆಳೆಸಿ ನೋಡಿದ್ದೇನೆ. ಒಂದೊಂದಕ್ಕೂ ಒಂದೊಂದು ಒಳ್ಳೆಯ ಗುಣ ಇದೆ. ಆದರೆ ಕೆಲಸಕ್ಕೆ ಹೋಗಿ ಬರುವವರ ಮನೆಯಲ್ಲಿ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ, ಒಂದು ಹೊತ್ತು ನೀರು ತಪ್ಪಿದರೂ ಗಿಡವನ್ನು ಉಳಿಸಿಕೊಳ್ಳುವುದು ಕೋಕೋಪೀಟ್ ಮಾತ್ರ.

ಹಾಗಿದ್ದೂ "ಕೋಕೋಪೀಟಿನಲ್ಲಿ ಗಿಡ ಏಳುವುದೇ ಇಲ್ಲ, ಎಲೆ ಮುರುಟಿಕೊಳ್ಳುತ್ತದೆ" ಎನ್ನುವವರು ತುಂಬಾ ಜನ. ಅವರು ಹೇಳುವುದು ಸುಳ್ಳಲ್ಲ. ಅದಕ್ಕೆ ಕಾರಣ ಮಾತ್ರ ಬಹುಪಾಲು ಒಂದೇ: ಇಟ್ಟಿಗೆಯಂತೆ ಒತ್ತಿ ಮಾರುವ ಕೋಕೋಪೀಟಿನೊಳಗಿನ ಉಪ್ಪು. ಇದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದ ಹೋಲಿಕೆ ಸುಲಭ, ಹಾಗಾಗಿ ಇದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ತೆಂಗಿನ ಸಿಪ್ಪೆಯಲ್ಲಿ ಹುಟ್ಟಿನಿಂದಲೇ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಹೆಚ್ಚು. ಕರಾವಳಿಯ ಹಿನ್ನೀರಿನಲ್ಲಿ ನೆನೆಹಾಕಿ ನಾರು ಬಿಡಿಸಿದ ಸಿಪ್ಪೆಯಾದರೆ ಸೋಡಿಯಂ ಕೂಡ ಸೇರುತ್ತದೆ. ತಿಪಟೂರು, ಅರಸೀಕೆರೆ ಕಡೆಯ ಒಣ ಸಿಪ್ಪೆಯ ಪುಡಿಯಲ್ಲಿ ಸಮುದ್ರದ ಉಪ್ಪಿನ ಕಾಟ ಕಡಿಮೆ, ಪೊಟ್ಯಾಸಿಯಂ ಮಾತ್ರ ಇದ್ದೇ ಇರುತ್ತದೆ. 5 ಕೆಜಿ ಇಟ್ಟಿಗೆಯ ಮೇಲೆ 'ಲೋ ಇಸಿ' (ಇಸಿ ಎಂದರೆ ನೀರಿನಲ್ಲಿ ಕರಗಿದ ಉಪ್ಪಿನ ಅಳತೆ, ಇಲ್ಲಿ mS/cm ಲೆಕ್ಕದಲ್ಲಿ) ಎಂದು ಅಚ್ಚು ಹಾಕಿದ್ದರೂ ಒಳಗಿರುವುದು ಅದೇ ಎಂಬ ಖಾತ್ರಿಯಿಲ್ಲ. ಹಾಗಾಗಿ ತಂದ ತಕ್ಷಣ ಅಳೆಯಬೇಕು. ನೆನೆದು ಅರಳಿದ ಕೋಕೋಪೀಟ್ ಒಂದು ಲೋಟ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದೂವರೆ ಲೋಟ. ಕಲಸಿ ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಆ ನೀರಿಗೆ ಇಸಿ ಮೀಟರ್ ಅದ್ದಿ. ಇಸಿ 0.5ರೊಳಗಿದ್ದರೆ ತೊಳೆದ ಮಾಲು. 1.5 ದಾಟಿದರೆ ತೊಳೆದೇ ಇಲ್ಲ. ಕೈಯಲ್ಲಿರುವುದು ಟಿಡಿಎಸ್ ಮೀಟರ್ ಆಗಿದ್ದರೆ, ಅಗ್ಗದ ಮೀಟರುಗಳಲ್ಲಿ ಬಹುತೇಕ 1 ಇಸಿಯನ್ನು 500 ಪಿಪಿಎಂ ಎಂದು ತೋರಿಸುತ್ತವೆ, ಕೆಲವು 700 ಎಂದು. ಯಾವ ಲೆಕ್ಕ ಎಂಬುದು ಜೊತೆಗೆ ಬರುವ ಚೀಟಿಯಲ್ಲಿರುತ್ತದೆ, ಅದನ್ನು ನೋಡದೆ ಇನ್ನೊಬ್ಬರ ಪಿಪಿಎಂ ಅಂಕಿಯನ್ನು ಅನುಸರಿಸಬೇಡಿ.

ಇಸಿ ಹೆಚ್ಚಿದ್ದರೆ ತೊಳೆಯಬೇಕು, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ನಲ್ಲಿ ನೀರಿನಲ್ಲಿ ಮೂರು ಸಲ ತೊಳೆದರೆ ಮೀಟರು 0.4ಕ್ಕೆ ಇಳಿಯುತ್ತದೆ, ಎಲ್ಲ ಸರಿಹೋಯಿತು ಎನ್ನಿಸುತ್ತದೆ. ಹೋಗಿರುವುದು ನೀರಿನಲ್ಲಿ ಕರಗಿ ಓಡಾಡುತ್ತಿದ್ದ ಉಪ್ಪು ಮಾತ್ರ. ಕೋಕೋಪೀಟಿನ ಕಣಗಳ ಮೈಗೆ ಅಂಟಿ ಕೂತಿರುವ ಪೊಟ್ಯಾಸಿಯಂ, ಸೋಡಿಯಂ ಬರೀ ನೀರಿಗೆ ಜಗ್ಗುವುದಿಲ್ಲ, ಮೀಟರಿಗೂ ಕಾಣುವುದಿಲ್ಲ. ಬಸ್ಸಿನ ಸೀಟುಗಳೆಲ್ಲ ತುಂಬಿರುವಾಗ ಹೊಸಬರು ಹತ್ತಿದರೆ ಮಾತ್ರ ಕೂತವರು ಏಳುತ್ತಾರೆ ಎನ್ನುವ ಹಾಗೆ, ಕ್ಯಾಲ್ಸಿಯಂ ಬಂದಾಗ ಮಾತ್ರ ಅವು ಜಾಗ ಬಿಡುತ್ತವೆ. ನೀವು ಗಿಡಕ್ಕೆಂದು ಕೊಟ್ಟ ಕ್ಯಾಲ್ಸಿಯಂ ಕಣಕ್ಕೆ ಅಂಟಿಕೊಳ್ಳುತ್ತದೆ. ಬಿಡುಗಡೆಯಾದ ಪೊಟ್ಯಾಸಿಯಂ, ಸೋಡಿಯಂ ಬೇರಿನ ಸುತ್ತ ನಿಲ್ಲುತ್ತವೆ. ಗಿಡಕ್ಕೆ ಎರಡು ಕಡೆಯಿಂದಲೂ ಪೆಟ್ಟು.

ಇದು ಸಸಿ ನೆಟ್ಟ ಮೊದಲ ಕೆಲವು ವಾರಗಳಲ್ಲೇ ಕಾಣಿಸುತ್ತದೆ. ಹೊಸ ಎಲೆಗಳು ಸಣ್ಣಗೆ, ಸೊಟ್ಟಗೆ ಬರುತ್ತವೆ, ಅಂಚು ಸುಟ್ಟಂತಾಗುತ್ತದೆ. ಹಳೆಯ ಎಲೆಗಳಲ್ಲಿ ನರ ಹಸಿರಾಗೇ ಇದ್ದು ಮಧ್ಯದ ಭಾಗ ಹಳದಿಯಾದರೆ ಮೆಗ್ನೀಷಿಯಂ ಕೂಡ ಸಾಲದಾಗಿದೆ ಎಂದರ್ಥ. ಕಾಯಿ ಬಂದಮೇಲೆ ಟೊಮೆಟೊದ ತುದಿ ಕಪ್ಪಾಗಿ ಒಳಗೆ ಕುಸಿಯುತ್ತದೆ. ಮುರುಟಿದ ಎಲೆ ನೋಡಿದವರು ವೈರಸ್ ಎಂದುಕೊಂಡು ಗಿಡ ಕಿತ್ತೆಸೆಯುತ್ತಾರೆ, ಇಲ್ಲವೇ ನುಸಿ ಎಂದುಕೊಂಡು ಔಷಧಿ ಹೊಡೆಯುತ್ತಾರೆ. ಒಂದೇ ಇಟ್ಟಿಗೆಯಿಂದ ತುಂಬಿದ ಎಲ್ಲ ಬ್ಯಾಗುಗಳಲ್ಲೂ ಒಟ್ಟಿಗೇ ಕಾಣಿಸಿಕೊಂಡರೆ ಮೊದಲು ಉಪ್ಪನ್ನೇ ಅನುಮಾನಿಸಿ. ವೈರಸ್ ಆಗಲಿ ನುಸಿಯಾಗಲಿ ಸಾಮಾನ್ಯವಾಗಿ ಒಂದು ಗಿಡದಲ್ಲಿ ಶುರುವಾಗಿ ಪಕ್ಕದ್ದಕ್ಕೆ ಹರಡುತ್ತದೆ.

ಪರಿಹಾರಕ್ಕೆ ಬೇಕಾದದ್ದು ಕ್ಯಾಲ್ಸಿಯಂ ನೈಟ್ರೇಟ್, ಒಂದು ದೊಡ್ಡ ಟಬ್ಬು, ಒಂದು ದಿನ. 5 ಕೆಜಿ ಇಟ್ಟಿಗೆಯನ್ನು ಮೊದಲು ಬರೀ ನೀರಿನಲ್ಲಿ ಅರಳಿಸಿ. ಪೂರ್ತಿ ಬಿಡಿಸಿದರೆ 60ರಿಂದ 70 ಲೀಟರ್ ಆಗುತ್ತದೆ, ಚಿಕ್ಕ ಬಕೆಟ್ ಸಾಲದು. ಅದನ್ನು ಸೊಳ್ಳೆಪರದೆ ಬಟ್ಟೆಗೋ ಸಡಿಲ ನೇಯ್ಗೆಯ ಗೋಣಿಚೀಲಕ್ಕೋ ತುಂಬಿ, ಬಸಿಯುವ ನೀರಿನ ಇಸಿ ನಿಮ್ಮ ನಲ್ಲಿ ನೀರಿನ ಇಸಿಗಿಂತ 0.3ರಷ್ಟು ಮಾತ್ರ ಹೆಚ್ಚಿರುವವರೆಗೆ ತೊಳೆಯಿರಿ. ಆಮೇಲೆ 30 ಲೀಟರ್ ನೀರಿಗೆ 45 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಚೀಲವನ್ನು ಅದರಲ್ಲಿ ಮುಳುಗಿಸಿ 12ರಿಂದ 24 ಗಂಟೆ ಬಿಡಿ. ಮಧ್ಯೆ ಒಂದೆರಡು ಸಲ ಮೇಲೆ ಕೆಳಗೆ ಮಾಡಿ. ಇಟ್ಟಿಗೆ ತೊಳೆಯದ ಮಾಲಾಗಿದ್ದರೆ ಹೊಸ ದ್ರಾವಣದಲ್ಲಿ ಇನ್ನೊಂದು ಸಲ ನೆನೆಸಿ. ಕೊನೆಗೆ ಸಾದಾ ನೀರಿನಲ್ಲಿ ಒಮ್ಮೆ ತೊಳೆದು ಬಸಿಯಲು ಬಿಡಿ. ನೆನೆಸಿದ ದ್ರಾವಣ ಈಗ ಟೀ ಬಣ್ಣಕ್ಕೆ ತಿರುಗಿರುತ್ತದೆ. ಕ್ಯಾಲ್ಸಿಯಂ ಒಳಗೆ ಸೇರಿಕೊಂಡರೂ ಅದರ ಇಸಿ ಹೆಚ್ಚೇನೂ ಇಳಿದಿರುವುದಿಲ್ಲ, ಏಕೆಂದರೆ ಅದರ ಬದಲು ಪೊಟ್ಯಾಸಿಯಂ, ಸೋಡಿಯಂ ಹೊರಗೆ ಬಂದಿವೆ. ಈ ನೀರನ್ನು ಗಿಡಕ್ಕೆ ಹಾಕಬೇಡಿ.

ಇಷ್ಟೆಲ್ಲ ಮಾಡಿ ಆಮೇಲೆ 19:19:19 ಗೊಬ್ಬರ (ಈ ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪ್ರಮಾಣ) ಒಂದನ್ನೇ ಕೊಟ್ಟರೆ ಪಟ್ಟ ಶ್ರಮ ನೀರುಪಾಲು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನ ಜೀವಾಣುಗಳು ಅದನ್ನು ಒಡೆದು ಕೊಡುವಷ್ಟು ಚುರುಕಾಗಿ ಹೊಸ ಕೋಕೋಪೀಟಿನಲ್ಲಿ ಆಗುವುದಿಲ್ಲ, ಬರೀ ಪರ್ಲೈಟಿನಲ್ಲಂತೂ ಇನ್ನೂ ಕಡಿಮೆ. ಯೂರಿಯಾ ಇಸಿ ಮೀಟರಿಗೆ ಕಾಣುವುದೂ ಇಲ್ಲ, ಹಾಗಾಗಿ ಎಷ್ಟು ಹಾಕಿದಿರಿ ಎಂಬ ಲೆಕ್ಕವೇ ತಪ್ಪುತ್ತದೆ. ಮಣ್ಣಿನ ಕುಂಡಕ್ಕೆ ಅದು ಸರಿ, ಇಲ್ಲಿಗಲ್ಲ.

ಹೂ ಬಿಡುವ ಟೊಮೆಟೊಗೆ ನಾನು ಕಲಸುವುದು, ಲೀಟರ್ ನೀರಿಗೆ ಹೀಗೆ: ಕ್ಯಾಲ್ಸಿಯಂ ನೈಟ್ರೇಟ್ 0.8 ಗ್ರಾಂ, 13:0:45 ಅರ್ಧ ಗ್ರಾಂ, 0:52:34 ಗೊಬ್ಬರ 0.2 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ ಅರ್ಧ ಗ್ರಾಂ, ಜೊತೆಗೆ ಕೀಲೇಟ್ ರೂಪದ (ಗಿಡಕ್ಕೆ ಸುಲಭವಾಗಿ ಸಿಗುವಂಥ) ಲಘು ಪೋಷಕಾಂಶದ ಮಿಶ್ರಣ ಪೊಟ್ಟಣದಲ್ಲಿ ಬರೆದಷ್ಟು. ಎಲ್ಲವೂ ರೈತರ ಗೊಬ್ಬರದ ಅಂಗಡಿಯಲ್ಲಿ ಸಿಗುವ ಮಾಲು. ಇದರಿಂದ ಇಸಿ ಸುಮಾರು 2 ಬರುತ್ತದೆ, ಅದರ ಮೇಲೆ ನಿಮ್ಮ ನೀರಿನ ಇಸಿ ಸೇರುತ್ತದೆ. ಎಳೆ ಸಸಿಗೆ ಇದರ ಅರ್ಧ ಸಾಕು. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆಯವುಗಳ ಜೊತೆ ಗಟ್ಟಿ ದ್ರಾವಣದಲ್ಲಿ ಬೆರೆಸಲೇಬಾರದು. ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿ ಸುಣ್ಣದ ಹಿಟ್ಟಿನಂತೆ ತಳಕ್ಕೆ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಎರಡು ಕ್ಯಾನ್ ಇಟ್ಟುಕೊಂಡು, ಬಕೆಟ್ ತುಂಬ ನೀರು ತುಂಬಿದ ಮೇಲೆ ಒಂದಾದ ಮೇಲೊಂದು ಸುರಿಯಿರಿ.

ಇನ್ನು ನೀರಿನ ವಿಷಯ. ಬೆಂಗಳೂರಿನ ಕಾವೇರಿ ನೀರು ಮೆದು, ಅದರಲ್ಲಿ ಕೆಲಸ ಸುಲಭ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿರುವುದರಿಂದ ದಿನ ಕಳೆದಂತೆ ಪಿಎಚ್ (ಹುಳಿ-ಕ್ಷಾರದ ಅಳತೆ) ಏರುತ್ತಾ ಹೋಗುತ್ತದೆ, ಕಬ್ಬಿಣ ಸಿಗದೆ ಚಿಗುರು ಹಳದಿಯಾಗುತ್ತದೆ. ಗೊಬ್ಬರ ಕಲಸಿದ ಮೇಲೆ ಫಾಸ್ಫರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ ಪಿಎಚ್ 5.8ರಿಂದ 6.2ಕ್ಕೆ ತನ್ನಿ. ಕೈಗವಸು ಹಾಕಿಕೊಳ್ಳಿ, ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ. ಮನೆಯ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಹಲವರಿಗಿದೆ. ಮಣ್ಣಿಲ್ಲದ ಬೆಳೆಗೆ ಅದು ಬೇಡವೇ ಬೇಡ, ಅದರಲ್ಲಿರುವುದು ಸಾಂದ್ರವಾದ ಉಪ್ಪು.

ಅದಕ್ಕಿಂತಲೂ ಕಣ್ಣಿಗೆ ಬೀಳದ ಶತ್ರು ಅಪಾರ್ಟ್‌ಮೆಂಟಿನ ವಾಟರ್ ಸಾಫ್ಟನರ್. ಅದು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ತುಂಬುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಆದರೆ ಟಿಡಿಎಸ್ ಮೀಟರು 400, 500 ತೋರಿಸುತ್ತದೆ ಎಂದರೆ ಬಹುತೇಕ ಅದೇ. ಒಂದು ದಿನ ನೆನೆಸಿ ಕೂರಿಸಿದ ಕ್ಯಾಲ್ಸಿಯಂ ಅನ್ನು ಈ ನೀರು ದಿನವೂ ಸ್ವಲ್ಪ ಸ್ವಲ್ಪ ಕಿತ್ತುಹಾಕುತ್ತದೆ. ಇಂಥ ಕಡೆ ಸಾಫ್ಟನರಿಗೆ ಹೋಗುವ ಮುಂಚಿನ ನೀರು, ಮಳೆನೀರು, ಇಲ್ಲವೇ ಆರ್‌ಒ ಶುದ್ಧ ನೀರನ್ನು ಬೆರೆಸಿ ಕೊಡಬೇಕು. ನೀರೇ ಹೀಗಿದ್ದರೆ ಬೇರು ಬೆಳೆಯುವ ಮಾಧ್ಯಮ ಯಾವುದಕ್ಕೆ ಬದಲಿಸಿದರೂ ಪ್ರಯೋಜನವಿಲ್ಲ.

ಈಗ ಪರ್ಲೈಟ್. ಜ್ವಾಲಾಮುಖಿಯ ಗಾಜನ್ನು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ ಅರಳಿಸಿದ ಬಿಳಿ ಕಾಳು. ಉಪ್ಪಿನ ತಲೆನೋವಿಲ್ಲ, ಕ್ಯಾಲ್ಸಿಯಂ ನುಂಗುವುದಿಲ್ಲ, ಬೇರಿಗೆ ಗಾಳಿ ಧಾರಾಳ. ಬರೀ ಪರ್ಲೈಟಿನಲ್ಲಿ ಬೆಳೆದ ಟೊಮೆಟೊ ಬೇರು ನೋಡಲು ಚೆಂದ, ಬೆಳ್ಳಗೆ ತುಂಬಿಕೊಂಡಿರುತ್ತದೆ. ತೊಂದರೆ ಎರಡು. ಹಣ್ಣು ತುಂಬುವ ಕಾಲದಲ್ಲಿ, ದೀಪ ಜೋರಿದ್ದರೆ, ದಿನಕ್ಕೆ ನಾಲ್ಕೈದು ಸಲ ನೀರು ಬೇಕು, ಅಂದರೆ ಟೈಮರ್, ಪಂಪು, ಡ್ರಿಪ್ ಎಲ್ಲವೂ ಬೇಕು. ಗೊಬ್ಬರದ ನೀರಿನಲ್ಲಿ ಆದ ಸಣ್ಣ ಏರುಪೇರು ಕೂಡ ಅಂದೇ ಗಿಡಕ್ಕೆ ತಟ್ಟುತ್ತದೆ, ತಡೆದುಕೊಳ್ಳಲು ಮಧ್ಯದಲ್ಲಿ ಏನೂ ಇಲ್ಲ. ಎರಡನೆಯದು ಬೆಲೆ. ಕೆಜಿಗೆ ಹೆಚ್ಚುಕಡಿಮೆ 8ರಿಂದ 10 ಲೀಟರ್ ಸಿಗುತ್ತದೆ, ಲೀಟರ್ ಲೆಕ್ಕ ಹಾಕಿದರೆ ಕೋಕೋಪೀಟಿನ ಹಲವು ಪಟ್ಟು. ಬೆರಕೆಗೆ ಕೊಳ್ಳುವಾಗ 3ರಿಂದ 6 ಮಿಲಿಮೀಟರಿನ ದಪ್ಪ ಕಾಳನ್ನೇ ಕೇಳಿ. ಹಿಟ್ಟಿನಂಥ ಸಣ್ಣದು ಕೋಕೋಪೀಟಿನ ಸಂದುಗಳನ್ನು ತುಂಬಿ, ಬಯಸಿದ್ದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ಚೀಲ ಬಿಚ್ಚುವ ಮುಂಚೆ ಒಳಗೆ ನೀರು ಸಿಂಪಡಿಸಿ, ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಪರ್ಲೈಟಿಗೆ ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ನಮ್ಮಲ್ಲೇ ಒಂದು ಬದಲಿ ಇದೆ: ಭತ್ತದ ಹೊಟ್ಟು. ಕೋಕೋಪೀಟಿಗೆ ನೂರಕ್ಕೆ 20ರಿಂದ 30 ಭಾಗ ಬೆರೆಸಿದರೆ ಗಾಳಿಯಾಡಲು ಸಾಕು, ಒಂದು ಬೆಳೆಯ ಕಾಲ ಕುಸಿಯದೆ ನಿಲ್ಲುತ್ತದೆ. ಬೆಳ್ತಿಗೆ (ಭತ್ತ ಬೇಯಿಸದೆ ಮಾಡುವ) ಅಕ್ಕಿ ಮಿಲ್ಲಿನ ಹೊಟ್ಟಿನಲ್ಲಿ ಉಳಿದ ಭತ್ತ ಮೊಳಕೆಯೊಡೆಯುತ್ತದೆ, ಅದಕ್ಕೆ ಕುದಿಯುವ ನೀರು ಸುರಿದು ಆರಿಸಿಕೊಳ್ಳಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಆ ಕಷ್ಟವೂ ಇಲ್ಲ. ಕುಚ್ಚಲಕ್ಕಿಯ ಭತ್ತವನ್ನು ಮೊದಲೇ ಬೇಯಿಸಿರುತ್ತಾರೆ, ಆ ಹೊಟ್ಟಿನಲ್ಲಿ ಮೊಳೆಯುವ ಕಾಳು ಇರುವುದಿಲ್ಲ. ಸುಟ್ಟು ಕರಿ ಮಾಡಿದ ಹೊಟ್ಟು ಇನ್ನೂ ಗಟ್ಟಿ, ಆದರೆ ಅದರ ಬೂದಿಯಿಂದ ಪಿಎಚ್ ತುಂಬಾ ಏರುತ್ತದೆ. ನೀರು ತಿಳಿಯಾಗುವವರೆಗೆ ತೊಳೆದೇ ಬಳಸಿ.

ಕ್ಲೇ ಬಾಲ್, ಅಂದರೆ ಲೇಕಾ, 1,200 ಡಿಗ್ರಿಯಷ್ಟು ಶಾಖದಲ್ಲಿ ಉಬ್ಬಿಸಿದ ಜೇಡಿಮಣ್ಣಿನ ಗುಂಡುಗಳು. ಮನೆಗೆ ಬಂದವರೆಲ್ಲ ಮೆಚ್ಚುವುದು ಇದನ್ನೇ, ನೋಡಲು ಶುಭ್ರ. ಬೇರು ಕೊಳೆಯುವ ಭಯ ಕಡಿಮೆ, ತೊಳೆದು ವರ್ಷಗಟ್ಟಲೆ ಬಳಸಬಹುದು. ಮನಿಪ್ಲಾಂಟ್, ಆರ್ಕಿಡ್, ಪುದೀನಕ್ಕೆ ಖಂಡಿತ ತೆಗೆದುಕೊಳ್ಳಿ. ಟೊಮೆಟೊಗೆ ಮಾತ್ರ ಪಂಪು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ತಪ್ಪದೆ ಓಡಬೇಕು. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆ ಕರೆಂಟು ಹೋದರೆ ಹಣ್ಣು ತುಂಬಿದ ಗಿಡ ಜೋತುಬೀಳುತ್ತದೆ. ಯುಪಿಎಸ್‌ಗೆ ಜೋಡಿಸಿದ ಪಂಪು ಇಲ್ಲದವರು ಇದಕ್ಕೆ ಕೈ ಹಾಕಬೇಡಿ ಎಂದೇ ಹೇಳುತ್ತೇನೆ. ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಕಾಟ: ಗುಂಡು ತೇವವನ್ನು ಮೇಲಕ್ಕೆಳೆದು ಅಲ್ಲಿ ಆರುವುದರಿಂದ ಮೇಲಿನ ಪದರದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಅದು ಕಾಂಡಕ್ಕೆ ತಾಗಿದ ಜಾಗ ಸುಡುತ್ತದೆ. ವಾರಕ್ಕೊಮ್ಮೆ ಮೇಲಿನಿಂದ ಸಾದಾ ನೀರು ಸುರಿದು ಇಳಿಸಬೇಕು. ಹೊಸ ಗುಂಡುಗಳ ಕೆಂಪು ಹುಡಿಯನ್ನು ಚೆನ್ನಾಗಿ ತೊಳೆಯದಿದ್ದರೆ ಅದು ಪಂಪಿನಲ್ಲಿ ಕೂರುತ್ತದೆ.

ರಾಕ್‌ವೂಲ್ ಯುರೋಪಿನ ಗಾಜಿನಮನೆಗಳ ಮಾಧ್ಯಮ, ಕರಗಿಸಿದ ಬಸಾಲ್ಟ್ ಕಲ್ಲಿನ ಎಳೆಗಳಿಂದ ಮಾಡಿದ್ದು. ಬೀಜ ಮೊಳೆಸುವ ಚಿಕ್ಕ ಚೌಕಗಳು ಬಹಳ ಚೆನ್ನಾಗಿವೆ, ಪಿಎಚ್ 5.5ರ ನೀರಿನಲ್ಲಿ ನೆನೆಸಿ ಬಳಸಿ. ದೊಡ್ಡ ಸ್ಲ್ಯಾಬು ಮನೆಗೆ ಬೇಡ: ಮುಟ್ಟಿದರೆ ತುರಿಕೆ, ಬೆಲೆ ಹೆಚ್ಚು, ಬೆಳೆ ಮುಗಿದ ಮೇಲೆ ಅದು ಕೊಳೆಯುವುದೂ ಇಲ್ಲ, ಹಸಿಕಸಕ್ಕೆ ಹಾಕಲೂ ಆಗುವುದಿಲ್ಲ.

ವರ್ಮಿಕ್ಯುಲೈಟ್, ಅಂದರೆ ಕಾಯಿಸಿ ಅರಳಿಸಿದ ಅಭ್ರಕದಂಥ ಖನಿಜ, ಬೀಜದ ಟ್ರೇಗೆ ಒಳ್ಳೆಯದು. ದೊಡ್ಡ ಕುಂಡದಲ್ಲಿ ಕೆಲವೇ ತಿಂಗಳಲ್ಲಿ ಅದುಮಿಕೊಂಡು ಗಾಳಿ ನಿಲ್ಲಿಸುತ್ತದೆ.

ಮನೆಯೊಳಗೆ ಕೋಕೋಪೀಟ್ ಬಳಸುವವರು ಗಮನಿಸಬೇಕಾದದ್ದು ತೇವ. ತಾರಸಿಯಲ್ಲಿ ಬಿಸಿಲು ಗಾಳಿಗೆ ಆರುವಷ್ಟು ಬೇಗ ಕೋಣೆಯೊಳಗೆ ಆರುವುದಿಲ್ಲ. ಗಾಳಿಯಾಡದ ಕೋಣೆಯಾದರೆ ಪರ್ಲೈಟನ್ನು ನೂರಕ್ಕೆ 40 ಭಾಗಕ್ಕೆ ಏರಿಸಿ. ಬ್ಯಾಗಿನ ತಳಕ್ಕೆ ಜಲ್ಲಿ ಹಾಕಬೇಡಿ. ಯಾವ ಕುಂಡದಲ್ಲೂ ತಳದ ಒಂದೆರಡು ಇಂಚು ನೀರು ಹಿಡಿದುಕೊಂಡೇ ಇರುತ್ತದೆ, ಜಲ್ಲಿ ಹಾಕಿದರೆ ಆ ಒದ್ದೆ ಪದರ ಮೇಲಕ್ಕೆ ಸರಿದು ಬೇರಿಗೆ ಇನ್ನೂ ಹತ್ತಿರ ಬರುತ್ತದೆ ಅಷ್ಟೇ. ಎತ್ತರದ ಬ್ಯಾಗು ಬೇಕು ಎನ್ನುವುದು ಇದೇ ಕಾರಣಕ್ಕೆ. ಚಿಕ್ಕ ಸಸಿ ಇರುವಾಗ ಬ್ಯಾಗನ್ನು ಎತ್ತಿ ತೂಕ ನೋಡಿ ನೀರು ಕೊಡಿ. ಹೂ ಶುರುವಾದ ಮೇಲೆ ಪ್ರತಿ ಸಲವೂ ಕೊಟ್ಟ ನೀರಿನ ಹತ್ತನೇ ಒಂದರಿಂದ ಐದನೇ ಒಂದು ಭಾಗ ತಳದಿಂದ ಬಸಿಯುವಷ್ಟು ಕೊಡಿ, ಬಸಿದದ್ದನ್ನು ತಟ್ಟೆಯಲ್ಲಿ ನಿಲ್ಲಲು ಬಿಡಬೇಡಿ. ಬಸಿದ ನೀರಿನ ಇಸಿ ಕೊಟ್ಟದ್ದಕ್ಕಿಂತ 1ಕ್ಕೂ ಹೆಚ್ಚಿದ್ದರೆ ಒಳಗೆ ಉಪ್ಪು ಕೂಡಿದೆ ಎಂದರ್ಥ, ಅರ್ಧ ಶಕ್ತಿಯ ಗೊಬ್ಬರದ ನೀರನ್ನು ಧಾರಾಳವಾಗಿ ಹರಿಸಿ ಇಳಿಸಿ. ಪೂರ್ತಿ ಒಣಗಲು ಮಾತ್ರ ಯಾವತ್ತೂ ಬಿಡಬಾರದು. ನೀರು ಆರಿದಂತೆ ಉಳಿದ ಉಪ್ಪು ಗಟ್ಟಿಯಾಗಿ ಬೇರನ್ನು ಸುಡುತ್ತದೆ.

ಸಣ್ಣ ಕಪ್ಪು ನೊಣಗಳು ಬ್ಯಾಗಿನ ಸುತ್ತ ಹಾರಾಡಿದರೆ ಮೇಲ್ಪದರ ಸದಾ ಒದ್ದೆಯಾಗಿದೆ ಎಂದು ತಿಳಿಯಿರಿ. ಮೇಲೆ ಒಂದು ಇಂಚು ಬರೀ ಪರ್ಲೈಟ್ ಹಾಸಿ, ಹಳದಿ ಅಂಟುಹಾಳೆ ತೂಗುಹಾಕಿ.

ಬಜೆಟ್ಟಿನ ಮಾತು ಹೀಗಿದೆ. ನಾಲ್ಕು ಟೊಮೆಟೊ ಗಿಡಕ್ಕೆ ಒಂದು 5 ಕೆಜಿ ಇಟ್ಟಿಗೆ, ಎರಡೂವರೆಯಿಂದ ಮೂರು ಕೆಜಿ ದಪ್ಪ ಪರ್ಲೈಟ್ ಸಾಕು, ಸ್ವಲ್ಪ ಕೋಕೋಪೀಟ್ ಉಳಿಯಲೂಬಹುದು. ಮಿಕ್ಕ ದುಡ್ಡನ್ನು ಇಸಿ ಮೀಟರಿಗೂ ಪಿಎಚ್ ಮೀಟರಿಗೂ ಇಡಿ. ಮೀಟರಿಲ್ಲದೆ ದುಬಾರಿ ಮಾಧ್ಯಮ ಕೊಳ್ಳುವುದಕ್ಕಿಂತ ಮೀಟರು ಇಟ್ಟುಕೊಂಡು ಅಗ್ಗದ ಇಟ್ಟಿಗೆ ತೊಳೆಯುವುದು ಎಷ್ಟೋ ಮೇಲು. ದಿನಕ್ಕೆ ಒಂದೆರಡು ಸಲ ಕೈಯಲ್ಲೇ ನೀರು ಹಾಕುವವರು ಕೋಕೋಪೀಟಿನ ಹೊರತು ಬೇರೆ ಕಡೆ ನೋಡಬೇಕಿಲ್ಲ. ಇನ್ವರ್ಟರ್, ಟೈಮರ್, ಡ್ರಿಪ್ ಎಲ್ಲ ಇದ್ದು, ದಿನವೂ ಅಳೆಯುವ ಶಿಸ್ತೂ ಇದ್ದವರಿಗೆ ಬರೀ ಪರ್ಲೈಟ್ ಒಳ್ಳೆಯ ಫಸಲು ಕೊಡುತ್ತದೆ.

ಕೋಕೋಪೀಟಿನ ಪರವಾಗಿ ಇನ್ನೊಂದು ಲೆಕ್ಕ ಇದೆ, ಎರಡನೇ ಬೆಳೆ. ಗಿಡ ಮುಗಿದ ಮೇಲೆ ಕಾಂಡ ಕತ್ತರಿಸಿ, ಬೇರಿನ ಗಂಟು ಬಿಡಿಸಿ, ಅರ್ಧ ಇಂಚಿನ ಜರಡಿಯಲ್ಲಿ ಒದರಿ. ಬೇರು ಕಂದಾಗಿ ಕೊಳೆತಿದ್ದರೆ, ಇಲ್ಲವೇ ಗಿಡ ಸೊರಗು ರೋಗದಿಂದ ಸತ್ತಿದ್ದರೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿಗೆ ಬಳಸಬೇಡಿ. ಬೇರು ಬಿಳಿಯಾಗಿದ್ದರೆ ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇಸಿಗೆ ಬಿಸಿಲಿಗೆ ನಾಲ್ಕರಿಂದ ಆರು ವಾರ ಇಡಿ. ಆಮೇಲೆ ಬಸಿದ ನೀರಿನ ಇಸಿ 1ಕ್ಕಿಂತ ಕೆಳಗೆ ಬರುವವರೆಗೆ ತೊಳೆಯಿರಿ. ಈ ಸಲ ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ನೆನೆಸುವ ಕೆಲಸವಿಲ್ಲ, ಹೋದ ಬೆಳೆಯ ಗೊಬ್ಬರದ ನೀರೇ ಅದನ್ನು ಮಾಡಿ ಮುಗಿಸಿರುತ್ತದೆ. ಪುಡಿ ಸಣ್ಣಗಾಗಿ ಬ್ಯಾಗು ಕುಗ್ಗಿರುತ್ತದೆ, ಐದನೇ ಒಂದು ಭಾಗದಷ್ಟು ಹೊಸದಾಗಿ ತೊಳೆದು ನೆನೆಸಿದ ಕೋಕೋಪೀಟ್ ಸೇರಿಸಿ ಮಟ್ಟ ಮಾಡಿಕೊಳ್ಳಿ. ಎರಡು ಬೆಳೆ ಕಂಡದ್ದನ್ನು ಕರಿಬೇವಿನ ಕುಂಡದ ಮಣ್ಣಿಗೆ ಬೆರೆಸಬಹುದು.